ಕೂಸಿನ ತೂಕದಲ್ಲಿ ತಪ್ಪಿಹೋದ ನೂರೈವತ್ತು ಗ್ರಾಂ

ಬೆಳಗಿನ ಆರು ಗಂಟೆ. ರೋಣ ತಾಲ್ಲೂಕಿನ ಅಸೂಟಿಯಲ್ಲಿ ಅಂಗನವಾಡಿ ಕಾರ್ಯಕರ್ತೆ ಮಕ್ತುಮಬಿ, ಕಳಕವ್ವನ ಮನೆಯ ಜಂತಿಗೆ ತಕ್ಕಡಿ ಕಟ್ಟಿ, ಅದರ ಜೋಳಿಗೆಯಲ್ಲಿ ಆಕೆಯ ಮೊಮ್ಮಗಳನ್ನು ಕೂರಿಸುತ್ತಾರೆ. ಏಳಕ್ಕೆ ತಾಯಂದಿರು ಕಳೆ ತೆಗೆಯಲು ಹೊರಡುತ್ತಾರೆ. ಅಷ್ಟರೊಳಗೆ ಆರು ಮನೆ ಮುಗಿಯಬೇಕು.

“ಅಕ್ಕೋರ, ಕೂಸನ್ನ ಉಳ್ಳಾಗಡ್ಡಿ ಚೀಲಾ ಮಾಡೀರಲ್ರಿ! ದೃಷ್ಟಿ ಆದ್ರ?” ಎನ್ನುತ್ತಾಳೆ ಕಳಕವ್ವ.

“ಉಳ್ಳಾಗಡ್ಡಿ ನಮ್ಮನ್ನ ಅಳಸ್ತೈತಿ, ಇದು ತಾನ ಅಳತೈತಿ. ಸುಮ್ನಿರಬೇ ಯವ್ವಾ.”

ಮುಳ್ಳು 7.8ರಲ್ಲಿ ನಿಲ್ಲುತ್ತದೆ. ಮಕ್ತುಮಬಿ ವಹಿಯಲ್ಲಿ 7.80 ಎಂದು ಬರೆದು, ಕೆಳಗೆ ಜೋಳಿಗೆಯ ತೂಕ 0.25 ಬರೆಯುತ್ತಾರೆ, ಚುಕ್ಕಿಯ ಕೆಳಗೆ ಚುಕ್ಕಿ. ಕಳೆದರೆ 7.55. ಹೋದ ತಿಂಗಳಿನದು 7.4. ಅದಕ್ಕೂ ಒಂದು ಸೊನ್ನೆ ಸೇರಿಸಿ ಮತ್ತೆ ಕಳೆಯುತ್ತಾರೆ. ಎರಡು ಸಲ ನೋಡಿದ ಮೇಲೆಯೇ ಬಾಯಿ ತೆರೆಯುತ್ತಾರೆ: “ನೂರೈವತ್ತು ಗ್ರಾಂ ಏರೇತಿ.”

ಹನ್ನೊಂದು ವರ್ಷದ ಕೆಲಸ. ಮೂವತ್ತೆಂಟು ಮಕ್ಕಳು, ತಿಂಗಳಿಗೆ ಎಪ್ಪತ್ತಾರು ಕಳೆಯುವ ಲೆಕ್ಕ. ಉಪ್ಪಿಟ್ಟು, ಲಸಿಕೆ, ವರದಿ ಬೇರೆ. ಹತ್ತನೆಯ ತರಗತಿಯ ಗಣಿತದಲ್ಲಿ ತಮಗೆ ಬಂದದ್ದು ಮೂವತ್ತೈದು ಎಂದು ಅವರು ನಗದೆ ಹೇಳುತ್ತಾರೆ.

ನಗದಿರಲು ಕಾರಣವಿದೆ. ಐದು ವರ್ಷದ ಹಿಂದೆ ಒಂದು ಕೂಸು ಒಂದು ತಿಂಗಳು 6.6 ಕಿಲೋ ಇತ್ತು, ಮರುತಿಂಗಳು 6.45. “ಚುಕ್ಕಿ ಮುಂದಿನ ಆರಕ್ಕಿಂತ ನಲವತ್ತೈದು ದೊಡ್ಡದಲ್ಲೇನ್ರಿ ಅಂದ್ಕೊಂಡೆ. ಕೂಸು ಏರೇತಿ ಅಂದೆ. ಬಟ್ಟಿ ಸಡ್ಲ ಆಗ್ಯಾವ್ರಿ ಅಕ್ಕೋರ ಅಂತ ತಾಯಿ ಅಂದ್ಲು. ನಾ ವಹಿ ತೋರ್ಸಿ ಆಕಿ ಬಾಯಿ ಮುಚ್ಚಿಸಿದೆ.”

ಏರಿರಲಿಲ್ಲ, ನೂರೈವತ್ತು ಗ್ರಾಂ ಇಳಿದಿತ್ತು. ಮುಂದಿನ ತಿಂಗಳು ಕೂಸನ್ನು ರೋಣದ ದವಾಖಾನೆಗೆ ಸೇರಿಸಬೇಕಾಯಿತು, ಒಂಬತ್ತು ದಿನ. ಹಳೆಯ ಅಂಕಿಗಳನ್ನು ನೋಡುವಾಗಲೇ ಮಕ್ತುಮಬಿಗೆ ತಮ್ಮ ತಪ್ಪು ಕಂಡದ್ದು.

“ವಹಿ ನನ್ನ ಕೈಯಾಗ ಇತ್ರಿ. ತಿದ್ದಿದ್ರ ಯಾರಿಗೂ ತಿಳೀತಿರ್ಲಿಲ್ಲ. ಖರೇ ಹೇಳ್ತೀನಿ, ಪೆನ್ನು ತಗದಿದ್ದೆ.” ತಿದ್ದಲಿಲ್ಲ. ಬಸ್ಸು ಹತ್ತಿ ದವಾಖಾನೆಗೆ ಹೋಗಿ ಆ ತಾಯಿಗೆ ಹೇಳಿದರು. ಆಕೆ, “ಹಂಗಾರ ನನ್ನ ಕಣ್ಣು ಖರೇನ ಹೇಳಿದ್ವು,” ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಮನೆಗೆ ಬಂದ ಮೇಲೂ ನಾಲ್ಕು ತಿಂಗಳು ಕೂಸನ್ನು ಇವರ ಕೈಗೆ ಕೊಡಲಿಲ್ಲ. ಅಷ್ಟು ದಿನ ಮಕ್ತುಮಬಿ ತಮ್ಮ ಮಗಳು ಶಬನಮಳ ಐದನೆಯ ತರಗತಿಯ ಪುಸ್ತಕ ಇಸಿದುಕೊಂಡು ದಶಾಂಶದ ಲೆಕ್ಕ ಕಲಿತರು. ಐದನೆಯ ತಿಂಗಳು ಆ ತಾಯಿ ತಾನಾಗಿ ಬಂದಳು. ಕೂಸನ್ನು ಜೋಳಿಗೆಯಲ್ಲಿಟ್ಟು, ಮುಳ್ಳನ್ನೇ ನೋಡುತ್ತ ನಿಂತಳು.

ಕೇಳುತ್ತ ಬರೆದುಕೊಳ್ಳುತ್ತಿದ್ದ ನನಗೆ ಅವರನ್ನು ದೂರಲು ಬಾಯಿ ಬರಲಿಲ್ಲ. ವರದಿಗೆಂದು ಹೋದಾಗ ಎಷ್ಟೋ ಸಲ ನಾನೂ ತೂಕದ ಕಾರ್ಡಿನ ಅಂಕಿ ನೋಡಿ, ತಾಯಿಯ ಮಡಿಲಲ್ಲಿದ್ದ ಕೂಸನ್ನು ನೋಡದೆ ಮನೆಗೆ ಬಂದವಳೇ.

ಹೆಸರು ಬದಲಿಸಿ ಬರೆಯಲೇ ಎಂದು ಕೇಳಿದೆ. ಅವರು ತಕ್ಕಡಿ ಬಿಚ್ಚತೊಡಗಿದರು.

“ನನ್ನ ಹೆಸರು ಇರ್ಲಿರಿ. ಹೊಸದಾಗಿ ಸೇರೋರು ಓದ್ಲಿ. ಆ ಕೂಸಿಂದಷ್ಟ ಹಾಕಬ್ಯಾಡ್ರಿ. ಬರೂ ವರ್ಷ ಸಾಲಿಗಿ ಹೊಂಟೈತಿ. ಸೊರಗಿದ ಕೂಸು ಅಂತ ಅದನ್ನ ಯಾರೂ ಕರೀಬಾರ್ದು.”