ಬೀಗದವನ ಸಿಗರೇಟು ಡಬ್ಬಿ

ಬೀಗ ರಿಪೇರಿಯವನಿಗೆ ಸಿಗರೇಟು ಬಿಡಬೇಕೆಂಬ ಮನಸ್ಸು ಬೆಳಿಗ್ಗೆ ಬರುತ್ತಿತ್ತು, ಸಂಜೆಗೆ ಹೊಗೆಯಾಗಿ ಹೋಗುತ್ತಿತ್ತು. ಕೊನೆಗೆ ಪ್ಯಾಕೆಟ್ಟನ್ನು ತಗಡಿನ ಡಬ್ಬಿಯಲ್ಲಿಟ್ಟು, ತಾನೇ ಬೀಗ ಜಡಿದು, ಕೀಲಿಕೈಯನ್ನು ಹೆಂಡತಿಗೆ ಒಪ್ಪಿಸಿದ. ಊರ ಬೀಗಗಳನ್ನೆಲ್ಲ ತಂತಿಯಲ್ಲಿ ತೆಗೆಯುವವನಿಗೆ ತನ್ನದು ಯಾವ ಲೆಕ್ಕ? ಹಿತ್ತಿಲಲ್ಲಿ ಕೂತು ಸೇದಿ, ಕೆಮ್ಮನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದ.

"ಏನ್ರೀ, ಬೀಗ ಹಾಕ್ಬೇಕಾಗಿದ್ದು ಡಬ್ಬಿಗಲ್ಲ, ನಿಮ್ಮ ಬಾಯಿಗೆ," ಎಂದು ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು.

"ನಾಳೆಯಿಂದ ಬಿಟ್ಟೆ ಕಣೇ."

"ನಿಮ್ಮ ನಾಳೆ ತೆಗೆಯೋಕೂ ಒಂದು ಕೀಲಿ ಮಾಡ್ಕೊಳ್ರಿ."

ಅವಳು ತೀರಿಕೊಂಡ ಮೇಲೂ ಕೀಲಿಕೈ ಅವಳು ಸಿಕ್ಕಿಸಿದ ಮೊಳೆಯಲ್ಲೇ ಇದೆ. ಅವನು ಅದನ್ನು ಮುಟ್ಟುವುದಿಲ್ಲ. ಈಗಲೂ ತಂತಿಯಿಂದಲೇ ಕದ್ದು ತೆಗೆಯುತ್ತಾನೆ. ಅಡುಗೆಮನೆಯ ಕಡೆ ಮುಖ ಮಾಡಿ ಸೇದಿ, ಕೇಳಿಸಲೆಂದು ಜೋರಾಗಿ ಕೆಮ್ಮುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತಾನೆ.