ಭೂತಾನದ ಅಂಗಿ ತೊಟ್ಟ ಅಧ್ಯಕ್ಷರು

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಒಂಬತ್ತನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. "ಓಗ್ಲಾ, ಅಸ ಮೇಸೋಗು" ಎಂದು ಬಾಗಿಲು ತೋರಿಸಿದವರು ಚರಿತ್ರೆಯ ಪುಟ್ಟಮಾದಪ್ಪ ಮೇಷ್ಟ್ರು. ಮೇಯಿಸಿದೆ. ರಿಟೈರಾದ ಮೇಲೆ ಮೇಷ್ಟ್ರು, ಅದೇ ಹಸುಗಳ ಹಾಲಿನ ಮೇಲೆ ನಿಂತಿದ್ದ ನಮ್ಮೂರ ಡೇರಿಗೆ ಅಧ್ಯಕ್ಷರಾಗಿ ಬಂದು ಕೂತರು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಅಂಗಿ. ಭೂತಾನಕ್ಕೆ ಒಂದು ವಾರ ಪ್ರವಾಸ ಹೋಗಿದ್ದರು. ಆ ವಾರವನ್ನೇ ಸಾಯುವ ತನಕ ಮೆಲುಕು ಹಾಕಿದರು. ಅಲ್ಲಿಂದ ತಂದ, ಮೊಣಕಾಲುದ್ದದ, ಪಟ್ಟೆಪಟ್ಟೆಯ ದಪ್ಪ ನಿಲುವಂಗಿಯನ್ನು ಮದ್ದೂರಿನ ಬೇಸಿಗೆಯಲ್ಲೂ ತೊಟ್ಟು ಡೇರಿಗೆ ಬರುತ್ತಿದ್ದರು. "ಮೇಷ್ಟ್ರು ರಗ್ಗು ಸುತ್ಕೊಂಡು ಬಂದವ್ರೆ ಕಣಮ್ಮಿ" ಎಂದು ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಬೆವರು ಒರೆಸಿಕೊಳ್ಳುತ್ತಲೇ ಪಾಠ ಶುರು.

"ನಮ್ ಮಂಡ್ಯ ಜಿಲ್ಲೇಲಿರೋ ಅರ್ಧ ಜನ ಇಲ್ಲ ಆ ದೇಸ್ದಲ್ಲಿ. ಆದ್ರೆ ಅಲ್ಲಿ ದುಡ್ಡಿನ ಲೆಕ್ಕ ಅಲ್ಲ ಕಣ್ರಯ್ಯಾ, ಜನದ ಸುಖದ ಲೆಕ್ಕ!"

ಎರಡು ಎಮ್ಮೆ ಕಟ್ಟಿದ್ದ ಜೈನಾಬಮ್ಮ ಒಂದು ದಿನ ಕೇಳಿದಳು: "ಸುಖ ಇಲ್ದೋರ್ನ ಏನ್ಮಾಡ್ತಾರೆ ಮೇಷ್ಟ್ರೇ?"

"ಏಳಿದ ಅಂಗಿ ತೊಡ್ದಿದ್ದ, ಏಳಿದ ಬಾಸೆ ಆಡ್ದಿದ್ದ ತೆಂಕಲ ಸೀಮೆಯೋರ್ನ ಸಾವ್ರಗಟ್ಲೆ ಗಡಿ ದಾಟ್ಸುದ್ರು. ಮಿಕ್ದೋರು ಸುಖವಾಗವ್ರೆ."

ನಾಚಿಕೆಯಿಲ್ಲದೆ ಹೇಳಿದರು. ಅಷ್ಟು ಚರಿತ್ರೆ ಓದಿ ಅವರು ಕಲಿತದ್ದು ಅದೊಂದೇ. ಮಾರನೆಯ ವಾರ ಜೈನಾಬಮ್ಮನ ಹಾಲು 'ಡಿಗ್ರಿ ಇಲ್ಲ' ಎಂದು ವಾಪಸ್ಸಾಯಿತು. ಹಾಲಿನ ಗಟ್ಟಿತನಕ್ಕೆ ನಾವು ಡಿಗ್ರಿ ಎನ್ನುತ್ತೇವೆ; ಇಪ್ಪತ್ತೆಂಟು ದಾಟಿದರೆ ಒಳ್ಳೆಯ ಹಾಲು. ಆಕೆಯ ಹಾಲೋ, ಬೆರಳಿಗೆ ಅಂಟುವಂಥದ್ದು. ಆಕೆಯ ಮನೆ ನಡೆಯುತ್ತಿದ್ದದ್ದೇ ಅದರಿಂದ.

ಆ ಸಿಟ್ಟಿಗೇ ನಾನು ಡೇರಿಯ ಚುನಾವಣೆಗೆ ಮೇಷ್ಟ್ರ ಎದುರು ನಿಂತೆ.

"ನಿಂಗ್ಯಾವ ಡಿಗ್ರಿ ಐತ್ಲಾ?" ಎಂದರು, ಎಲ್ಲರೆದುರು.

"ನನ್ ಆಲ್ಗೈತೆ ಮೇಷ್ಟ್ರೇ" ಅಂದೆ.

ಸಭೆಯ ದಿನ ಅಂಗಿ ಕೊಡವಿಕೊಂಡು ಎದ್ದರು. "ಭೂತಾನದ ರಾಜ ತಾನಾಗೇ ಅಧಿಕಾರ ಬುಟ್ಟ. ಓಟ್ ಆಕ್ಕಳಿ ಅಂದ. ಜನ ಏನಂದ್ರು? ಓಟು ಬ್ಯಾಡ, ನೀನೇ ಇರಪ್ಪಾ ಅಂತ ಅತ್ರು! ನೀವೂ ಅಂಗಂದ್ರೆ ನಾನೇನ್ ಒಲ್ಲೆ ಅನ್ನಲ್ಲ."

ಹಿಂದಿನಿಂದ ಜೈನಾಬಮ್ಮ ಎದ್ದಳು. "ಮೊದ್ಲು ನೀವು ಇಳೀರಿ ಮೇಷ್ಟ್ರೇ. ಅಳೋದು ಆಮೇಕೆ ನಾವು ನೋಡ್ಕತೀವಿ."

ಓಟಾಯಿತು. ಮೇಷ್ಟ್ರು ಸೋತರು. ಯಾರೂ ಅಳಲಿಲ್ಲ. ಮರುದಿನ ಮೊದಲು ಅಳೆದದ್ದು ಜೈನಾಬಮ್ಮನ ಹಾಲು.

ಅವರನ್ನು ಕೊನೆಯ ಸಲ ಕಂಡದ್ದು ಮಂಡ್ಯದ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ನಾನಿದ್ದದ್ದು ತಿಳಿಯದೆ, ಪಕ್ಕದವನಿಗೆ ಹೇಳುತ್ತಿದ್ದರು: "ಅಲ್ಲಿ ರಾಜ ತಾನಾಗೇ ಬುಟ್ಕೊಟ್ಟ. ನಾನೂ ಅಂಗೇಯ, ಡೇರಿನ ಬುಟ್ಕೊಟ್ಬುಟ್ಟೆ." ಪಕ್ಕದವನು ತೂಕಡಿಸುತ್ತಿದ್ದ.

ಮೇಷ್ಟ್ರು ಈಗಿಲ್ಲ. ಆ ಅಂಗಿಯನ್ನು ಅವರ ಮನೆಯಲ್ಲಿ ಚಳಿಗೆ ಕರುವಿನ ಮೇಲೆ ಹೊದಿಸುತ್ತಾರಂತೆ. ಕರುವಿಗೆ ಒಪ್ಪುತ್ತದೆ.

ನನಗೀಗ ಐದು ಹಸು, ಎರಡು ಕರು, ಮೇವು ಕತ್ತರಿಸುವ ಒಂದು ಮೆಷಿನ್ನು. ಡಿಗ್ರಿ, ಇಪ್ಪತ್ತೊಂಬತ್ತು.