ಎಡಕ್ಕೆ ನಾಲೆ

ರಸ್ತೆಯ ಮಗ್ಗುಲಲ್ಲೇ, ರಸ್ತೆಗಿಂತ ಅಗಲವಾಗಿ, ದಡ ತುಂಬ ನೀರು ಹರಿಯುತ್ತಿತ್ತು. ನಡುವೆ ಗೋಡೆಯಿಲ್ಲ, ಕಂಬಿಯಿಲ್ಲ, ಗುರುತಿಗೊಂದು ಕಲ್ಲೂ ಇಲ್ಲ. ನಾನು ಬೆದರಿ ಬ್ರೇಕು ಒತ್ತಿ ಕಾರು ನಿಲ್ಲಿಸಿಬಿಟ್ಟೆ. ಕೆ.ಆರ್. ಪೇಟೆಗೆ ಬಂದು ಕೆಲವೇ ದಿನಗಳಾಗಿದ್ದವು. ಜೊತೆಗಿದ್ದವರು ಪಕ್ಕದ ಮನೆಯ ಜಯಮ್ಮ; ಪಾಂಡವಪುರದ ಕಡೆಯ ತಮ್ಮ ತವರಿಗೆ ಹೊರಟಿದ್ದರು, ದಾರಿ ತೋರಿಸುತ್ತೇನೆಂದು ಕಾರು ಹತ್ತಿದ್ದರು.

"ಇಲ್ಲಿ ತಡೆಗೋಡೆ ಯಾಕ ಕಟ್ಟಿಲ್ರೀ?" ಎಂದೆ.

"ಗ್ವಾಡೆ ಯಾಕ್ ಬೇಕವ್ವಾ? ಓಡ್ಸೋರ್ಗೆ ಕಣ್ಣಿಲ್ವಾ?" ಎಂದರು ಜಯಮ್ಮ.

ಆಗ ನನಗೆ ಎರಡೂ ಕಣ್ಣಿದ್ದವು.

ಇಂಡಿ ಸೀಮೆಯ ನನ್ನ ಬಳಗದವರೇ, ನಿಮಗೆ ಇದನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತೇವೆ. ಇಲ್ಲಿ ನೀರು ತಾನೇ ಊರೂರಿಗೆ ಬರುತ್ತದೆ, ಕೆಲವು ಸಲ ಊರಿನವರನ್ನು ಎಳೆದುಕೊಂಡೂ ಹೋಗುತ್ತದೆ. ನಾವು ಕೆನಾಲು ಎನ್ನುವುದು ಇವರಿಗೆ ನಾಲೆ. ಅದರ ದಡಕ್ಕೆ ಏರಿ ಎನ್ನುತ್ತಾರೆ. ಆ ಏರಿಯ ಮೇಲೆಯೇ ಟ್ರಾಕ್ಟರು, ಹಾಲಿನ ವ್ಯಾನು, ಶಾಲೆಯ ಮಕ್ಕಳ ಸೈಕಲ್ಲು ಎಲ್ಲವೂ ಓಡಾಡುತ್ತವೆ. ನಮ್ಮ ಬಯಲಿನಲ್ಲಿ ಎದುರು ಬರುವ ಗಾಡಿಯ ಧೂಳು ಹರದಾರಿ ದೂರದಿಂದಲೇ ಕಾಣುತ್ತದಲ್ಲ, ಇಲ್ಲಿ ಹಾಗಲ್ಲ. ಆಳೆತ್ತರದ ಕಬ್ಬು ದಾರಿಯನ್ನು ಮುಚ್ಚಿಕೊಂಡು ನಿಂತಿರುತ್ತದೆ. ಎದುರಿನವನು ಮೂಗಿನ ಮುಂದೆ ಬಂದಾಗಲೇ ಬಂದನೆಂದು ಗೊತ್ತು.

ನಮ್ಮ ಮನೆಯವರಿಗೆ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತೆಂದು ಬಂದೆವು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಅವರ ಬಲಗಾಲು ಸೊರಗಿದೆ. ಕೋಲು ಊರಿ ನಡೆಯುತ್ತಾರೆ, ನೂಕಾಟದ ಬಸ್ಸು ಹತ್ತಲಾರರು. ಕಾಲಿನ ಊನ ಇರುವವರಿಗೆ ಕಾರಿನ ತೆರಿಗೆಯಲ್ಲಿ ಸರ್ಕಾರ ರಿಯಾಯಿತಿ ಕೊಡುತ್ತದೆ. ಹಾಗೆ ಅವರ ಹೆಸರಿಗೊಂದು ಸಣ್ಣ ಕಾರು ಬಂದಿತ್ತು. ಕೈಯಿಂದಲೇ ಬ್ರೇಕು ಹಿಡಿಯುವಂತೆ ಮಾಡಿಕೊಟ್ಟರೆ ಅವರೇ ಓಡಿಸಬಹುದೆಂದು ಷೋರೂಮಿನವರು ಹೇಳಿದ್ದರು. "ಅದರ ಜೋಡಿ ನನಗ ಧೈರ್ಯಾನೂ ಕೂಡಸ್ತಾರೇನು ಕೇಳು" ಎಂದಿದ್ದರು ಇವರು. ಹಾಗಾಗಿ ಕಾರು ಅವರದು, ಡ್ರೈವರು ನಾನು. ಲಂಗ ದಾವಣಿ ಉಡುವ ವಯಸ್ಸಿನಲ್ಲೇ ಅಣ್ಣನ ಜೀಪು ಓಡಿಸಿದವಳು, ನನಗೇನು ಹೆದರಿಕೆ?

ಹೆದರಿಕೆ ಇರಲಿಲ್ಲ, ಬೇಜಾರಿತ್ತು. ಇವರನ್ನು ಕಾರ್ಖಾನೆಗೆ ಬಿಟ್ಟು ಬಂದರೆ ಮಾತಾಡಲು ಗೋಡೆಗಳೇ ಗತಿ. ಒಂದು ದಿನ ಜೋಳದ ರೊಟ್ಟಿ ತಟ್ಟುತ್ತಿದ್ದೆ. ಜಯಮ್ಮ ಬಾಗಿಲಲ್ಲಿ ನಿಂತು, "ಏನವ್ವಾ, ಒಳ್ಗಡೆ ಕೂತ್ಕಂಡು ಬಟ್ಟೆ ಒಗೀತಿದ್ದೀಯಾ?" ಎಂದು ಕೇಳಿದರು. ರೊಟ್ಟಿ ಮುರಿದು ಬಾಯಿಗಿಟ್ಟು, "ಅಪ್ಳ ಇದ್ದಂಗದೆ ಬುಡು" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಿಮಗೇ ಗೊತ್ತು. ಆದರೆ ಮರುದಿನ ಅವರ ಮನೆಯಲ್ಲಿ ಮುದ್ದೆಯನ್ನು ಅಗಿದು ತಿನ್ನಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡಾಗ, "ಅಗೀಬ್ಯಾಡ ಕನವ್ವಾ, ನುಂಗು!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಲೆಕ್ಕ ಚುಕ್ತಾ ಆಯಿತು. ಸ್ವಲ್ಪ ಎನ್ನುವುದಕ್ಕೆ ಇಲ್ಲಿಯವರು ವಸಿ ಎನ್ನುತ್ತಾರೆ. "ವಸಿ ಬಾ, ವಸಿ ಕೂತ್ಕೊ" ಎನ್ನುತ್ತಾ ಅರ್ಧ ದಿನ ಹಿಡಿದು ಕೂರಿಸಿಕೊಳ್ಳುತ್ತಾರೆ. ನನಗೂ ಅದೇ ಬೇಕಾಗಿತ್ತು.

ಕಣ್ಣು ಹೋದದ್ದೂ ಜಯಮ್ಮನ ಗದ್ದೆಯಲ್ಲೇ. ಕಬ್ಬು ತಿನ್ನಲು ಕರೆದಿದ್ದರು. ಬದುವಿನ ಮೇಲೆ ನಡೆಯುವಾಗ ಗಾಳಿಗೆ ತೂಗಿದ ಒಂದು ಗರಿ ನನ್ನ ಎಡಗಣ್ಣಿಗೆ ಗೀರಿತು. ತಣ್ಣೀರು ಹಾಕಿಕೊಂಡು ಸುಮ್ಮನಾದೆ. ಅದು ಹುಣ್ಣಾಗಿ, ಹುಣ್ಣಿಗೆ ಬೂಷ್ಟು ಹತ್ತಿ, ಮೈಸೂರಿನ ಆಸ್ಪತ್ರೆಯಲ್ಲಿ ಎಷ್ಟು ಔಷಧಿ ಬಿಟ್ಟರೂ ಜಗ್ಗಲಿಲ್ಲ. ಕೊನೆಗೆ ಕಣ್ಣು ತೆಗೆದು, ನೋಡಿದರೆ ಗೊತ್ತಾಗದಂಥ ಗಾಜಿನ ಕಣ್ಣು ಕೂರಿಸಿದರು. "ನಮ್ ಗದ್ದೆ ಗರಿ ಕನವ್ವಾ" ಎಂದು ಜಯಮ್ಮ ಗೋಳಾಡಿದರು. "ನಿಮ್ಮ ಗರಿ ಹಗಿ ಸಾಧಿಸಾಕ ಬಂದಿತ್ತೇನ್ರಿ? ಸುಮ್ಮನಿರ್ರಿ" ಎಂದು ಗದರಿದೆ. ಆಮೇಲೆ ಅವರು ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಮುಂಚೆ ಒಂದು ಚೊಂಬು ನಮ್ಮ ಹೊಸ್ತಿಲಲ್ಲಿ ಇಟ್ಟು ಹೋಗತೊಡಗಿದರು. ಬೇಡವೆಂದರೂ ಕೇಳಲಿಲ್ಲ.

ಈಗ ಕಾರು ಅಂಗಳದಲ್ಲಿ ನಿಂತಿತು. ರಿಯಾಯಿತಿಯ ಕಾರು, ಕೆಲವು ವರ್ಷ ಮಾರುವ ಹಾಗಿಲ್ಲ. ಇವರ ಕಾಲು ಸರ್ಕಾರದ ಲೆಕ್ಕಕ್ಕೆ ಬಂತು. ನನ್ನ ಕಣ್ಣು ಬರಲಿಲ್ಲ. ಒಂದು ಕಣ್ಣು ನೆಟ್ಟಗಿದ್ದರೆ ಸವಲತ್ತಿಗೆ ಬೇಕಾದಷ್ಟು ಊನವಲ್ಲವಂತೆ. ಹಾಗಾದರೆ ಊನವೇ ಇಲ್ಲದವಳ ಹಾಗೆ ಗಾಡಿ ಓಡಿಸಲೇ ಎಂದರೆ, ಅದಕ್ಕೂ ತಡೆಯಂತೆ. ಎರಡೂ ಕಡೆಯಿಂದ ಬಾಗಿಲು ಹಾಕಿಕೊಂಡರೆ ಮನುಷ್ಯ ಎಲ್ಲಿ ನಿಲ್ಲಬೇಕು ಹೇಳಿ? ಇವರು ಯಾರದೋ ಬೈಕಿನ ಹಿಂದೆ ಕೂತು ಕೆಲಸಕ್ಕೆ ಹೋಗತೊಡಗಿದರು. ಒಮ್ಮೆ ಬಿದ್ದು ಮೊಣಕೈ ಒಡೆದುಕೊಂಡರು. ನನ್ನ ಲೈಸೆನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮತ್ತೆ ಕೊಡದಿದ್ದರೆ ಇವರ ಕೆಲಸ ಉಳಿಯುವುದಿಲ್ಲ, ನಾವು ಗಂಟುಮೂಟೆ ಕಟ್ಟಬೇಕು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಊರಿನಿಂದ ಅಣ್ಣ ಫೋನು ಮಾಡಿ, "ಒಂದ ಕಣ್ಣೀಲೆ ಏನ್ ಗಾಡಿ ಹೊಡೀತೀವ್ವ? ಬಂದುಬಿಡ್ರಿ. ಮನಿ ಐತಿ, ಹೊಲ ಐತಿ" ಎನ್ನುತ್ತಿದ್ದ. ಅವನ ಪ್ರೀತಿಗೆ ಕಣ್ಣೀರು ಬರುತ್ತಿತ್ತು, ಮಾತಿಗೆ ಮೈ ಉರಿಯುತ್ತಿತ್ತು.

ಆದರೆ ಮೈಸೂರಿನ ಡಾಕ್ಟರಮ್ಮ ಬೇರೆಯೇ ಹೇಳಿದರು. ಉಳಿದ ಕಣ್ಣು ಚೆನ್ನಾಗಿದೆ, ಸ್ವಂತದ ಕಾರು ಓಡಿಸಲು ಕಾನೂನಿನಲ್ಲಿ ಅವಕಾಶವಿದೆ, ಕೆಲವು ತಿಂಗಳು ಕಾದು ಒಂದೇ ಕಣ್ಣಿಗೆ ಪಳಗಬೇಕು, ಹೋದ ಕಣ್ಣಿನ ಕೆಲಸವನ್ನು ಕುತ್ತಿಗೆ ಮಾಡಬೇಕು. ಪಳಗುವುದೆಂದರೆ ಏನು ಗೊತ್ತೇ? ಚಹಾ ಸುರಿದರೆ ಬಟ್ಟಲಿನ ಆಚೆ ಬೀಳುತ್ತಿತ್ತು. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಹೌಹಾರುತ್ತಿದ್ದೆ. ಎರಡು ಹೆಜ್ಜೆಗೊಮ್ಮೆ ಪೂರಾ ಮುಖವನ್ನೇ ಎಡಕ್ಕೆ ತಿರುಗಿಸುವುದು ರೂಢಿಯಾಯಿತು. ಡಾಕ್ಟರಮ್ಮ ಸೈ ಎಂದ ಮೇಲೆ ಖಾಲಿ ದಾರಿಗಳಲ್ಲಿ ನಿಧಾನವಾಗಿ ಕಾರು ತೆಗೆದೆ. ಎಡಗಡೆ ನಡೆಯುವವರನ್ನೆಲ್ಲ ಹಾಗೆ ಮುಖ ತಿರುಗಿಸಿ ನೋಡುತ್ತಿದ್ದರೆ, ನಾನು ಮಾತಾಡಿಸುತ್ತಿದ್ದೇನೆಂದು ತಿಳಿದು ಜನ ಕೈ ಎತ್ತತೊಡಗಿದರು. ಕುರಿ ಕಾಯುವವರು, ಹುಲ್ಲು ಹೊರುವವರು, ಎಲ್ಲರೂ. ನಾನೂ ತಲೆ ಆಡಿಸಿದೆ. ಬಂದಾಗಿನಿಂದ ಗುರುತಾಗದಷ್ಟು ಮಂದಿ ಈಗ ಗುರುತಾದರು.

ಉಳಿದದ್ದು ನಾಲೆ. ಪಾಂಡವಪುರಕ್ಕೆ ಹೋಗುವಾಗ ಅದು ನನ್ನ ಎಡಕ್ಕೆ, ಬರುವಾಗ ಬಲಕ್ಕೆ. ಬರುವಾಗ ನಾನು ರಾಣಿ. ಹೋಗುವಾಗ ಜೀವ ಬಾಯಿಗೆ ಬರುತ್ತಿತ್ತು. ನೀರು ಇದೆಯೆಂದು ಗೊತ್ತು, ತಂಪು ಗಾಳಿ ಬಡಿಯುತ್ತದೆ, ಕಣ್ಣಿಗೆ ಮಾತ್ರ ಏನೂ ಇಲ್ಲ.

ಕಬ್ಬು ನುರಿಸುವ ಕಾಲ. ಜಯಮ್ಮ ತವರಿಗೆ ಹೋಗಬೇಕೆಂದರು. ಇವರಿಗೂ ರಜೆಯಿತ್ತು, ಹಿಂದಿನ ಸೀಟಿನಲ್ಲಿ ಕೂತಿದ್ದರು. ಏರಿಯ ಮೇಲೆ ಅರ್ಧ ದಾರಿಗೆ ಬಂದಿದ್ದೇವೆ, ಎದುರಿಗೆ ಎರಡು ಟ್ರೈಲರು ಕಟ್ಟಿಕೊಂಡ ಕಬ್ಬಿನ ಟ್ರಾಕ್ಟರು. ರಸ್ತೆಯ ಮುಕ್ಕಾಲು ಪಾಲು ಅದಕ್ಕೇ ಬೇಕು. ಲೋಡಿನ ಗಾಡಿ ಹಿಂದಕ್ಕೆ ಹೋಗುವುದಿಲ್ಲ, ಖಾಲಿ ಗಾಡಿಯೇ ಪಕ್ಕಕ್ಕೆ ಸರಿಯಬೇಕು. ಇಲ್ಲಿಯ ರೂಢಿ ಅದು. ಪಕ್ಕ ಎಂದರೆ ಎಡ. ಅಷ್ಟರಲ್ಲಿ ನಮ್ಮ ಹಿಂದೆ ಹಾಲಿನ ವ್ಯಾನೊಂದು ಬಂದು ಹಾರನ್ನು ಶುರುಮಾಡಿತು.

"ಎಡಕ್ಕೆ ತಕ್ಕಳಮ್ಮೋ! ಬೇಕಾದಷ್ಟ್ ಜಾಗ ಅದೆ!" ಟ್ರಾಕ್ಟರಿನವನು ಕೂಗಿದ.

ಗದ್ದೆಗಳಿಂದ ಜನ ಎದ್ದು ಬಂದರು. ನಮ್ಮ ನಾಡಿನಲ್ಲಿ ಗಾಡಿ ಸಿಕ್ಕಿಕೊಂಡರೆ ನಿಂತವರೆಲ್ಲ ಕಂಡಕ್ಟರುಗಳೇ. ಒಬ್ಬ "ಬರ್ಲಿ, ಬರ್ಲಿ" ಎನ್ನುತ್ತಾನೆ. ಇನ್ನೊಬ್ಬ "ಓಲ್ಡಾನ್!" ಎಂದು ಬಾನೆಟ್ಟು ಬಡಿಯುತ್ತಾನೆ. ವ್ಯಾನಿನ ಡ್ರೈವರು ಇಳಿದು ಬಂದು ನನ್ನ ಕಿಟಕಿಯಲ್ಲಿ ಕೈ ಚಾಚಿದ.

"ಇಳೀರಮ್ಮ, ನಿಮ್ ಕೈಲಾಗಕಿಲ್ಲ. ಕೀ ಕೊಡಿ, ನಾ ತಗ್ದ್‌ಕೊಟ್ಬುಡ್ತೀನಿ."

"ಕೊಟ್ಟುಬಿಡು ಮಾದೇವಿ" ಎಂದರು ಇವರು ಹಿಂದಿನಿಂದ. "ಏನೂ ತಪ್ಪಿಲ್ಲ."

ನನ್ನ ಕೈ ಕೀಲಿಯ ಮೇಲೆ ಹೋಯಿತು. ಕೊಟ್ಟರೆ ಮುಗಿಯಿತು ಎನ್ನಿಸಿತು. ಇವತ್ತು ಇವನಿಗೆ ಕೊಟ್ಟವಳು ಇನ್ನು ಯಾವತ್ತೂ ಈ ಸೀಟಿಗೆ ಬಂದು ಕೂರುವುದಿಲ್ಲ. ಎಲ್ಲಿಂದ ಬಂತೋ ಸಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ನನಗ ಎಡಗಣ್ಣ ಇಲ್ರಿ! ಇದು ಗಾಜಿಂದು. ಇಳಿದು ನೆಲ ನೋಡಿ ಬರ್ತೀನಿ, ಅಲ್ಲೀತನಕ ಯಾರೂ ಬಾಯಿ ಬಿಡಬ್ಯಾಡ್ರಿ!"

ವ್ಯಾನಿನವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಜಯಮ್ಮ ಬಿಟ್ಟರೆ ಈ ಸಂಗತಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಕಣ್ಣಿಲ್ದೋರು ಏರಿ ಮೇಲೆ ಯಾಕಮ್ಮ ಗಾಡಿ ತಂದ್ರಿ?" ಎಂದ ಟ್ರಾಕ್ಟರಿನವನು.

"ಮುಚ್ಲಾ ಬಾಯ!" ಜಯಮ್ಮ ಕಾರಿನಿಂದ ಇಳಿದೇಬಿಟ್ಟರು. "ಇಲ್ಲಿಗಂಟ ನಾಲೆಗ್ ಬಿದ್ದೋರ್ಗೆಲ್ಲಾ ಎರಡೆರಡ್ ಕಣ್ಣಿದ್ವು ಕಣ್ಲಾ!"

ನಾನು ಇಳಿದು ಅಂಚಿನ ಮಣ್ಣನ್ನು ಪಾದದಿಂದ ಒತ್ತಿ ನೋಡಿದೆ. ಹುಲ್ಲಿನ ಈಚೆಗೆ ಗಟ್ಟಿ, ಆಚೆಗೆ ಮೆತ್ತಗೆ. ತಿರುಗಿ ಬಂದು ಕೂತರೆ ಜಯಮ್ಮ ಒಳಗೆ ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೀರಿಗೆ ಬೆನ್ನು ಮಾಡಿ ಹುಲ್ಲಿನ ಮೇಲೆ ನಿಂತರು.

"ನನ್ನೇ ನೋಡ್ಕಂಡ್ ಬಾ. ನಾ ನಿಂತಿರೋ ಕಡೆ ನೆಲ ಅದೆ."

"ಬ್ಯಾಡ ಅಕ್ಕಾ! ನಾ ತಪ್ಪಿದ್ರ ನೀವ ಮೊದಲ ನೀರಿಗೆ!"

"ತಪ್ಪಾಕಿಲ್ಲ ಬುಡು."

ಮುಖವನ್ನು ಪೂರಾ ಎಡಕ್ಕೆ ತಿರುಗಿಸಿದೆ. ಬಲಗಡೆಯ ಟ್ರಾಕ್ಟರು ಮರೆಯಾಯಿತು. "ಬಲಕ್ಕ ನಾ ನೋಡ್ತೀನಿ, ನೀ ನಡಿ" ಎಂದರು ಇವರು. ಜಯಮ್ಮನ ಸೀರೆಯ ಹಸಿರು ಅಂಚನ್ನೇ ನೋಡುತ್ತಾ ಕ್ಲಚ್ಚು ಬಿಟ್ಟೆ. ಅವರು ಒಂದು ಕೈಯನ್ನು ಕಾರಿನ ಮೇಲಿಟ್ಟು ನನ್ನ ಜೊತೆಜೊತೆಗೇ ಹೆಜ್ಜೆ ಹಾಕಿದರು. ಒಮ್ಮೆ ಅವರ ಕಾಲು ಕೊಂಚ ಜಾರಿತು, ಸಾವರಿಸಿಕೊಂಡರು. "ಐತಿ, ಇನ್ನೂ ಜಾಗ ಐತಿ" ಎನ್ನುತ್ತಿದ್ದರು ಇವರು. ಟ್ರೈಲರಿನಿಂದ ಇಳಿಬಿದ್ದ ಕಬ್ಬಿನ ಗರಿಗಳು ಬಲಗಡೆಯ ಕಿಟಕಿಯ ಗಾಜನ್ನು ಸವರಿಕೊಂಡು ಹೋದವು. ಉಳಿದಿರುವ ಕಣ್ಣಿನ ಪಕ್ಕದಲ್ಲೇ ಆ ಸರಸರ ಸದ್ದು ಕೇಳಿ ಮೈಯೆಲ್ಲ ಹಿಡಿಯಾಯಿತು, ಆದರೆ ಮುಖ ತಿರುಗಿಸಲಿಲ್ಲ.

ದಾಟಿದೆವು. ಟ್ರಾಕ್ಟರಿನವನು ಹೋಗುತ್ತಾ, "ಉಸಾರಾಗ್ ಓಗವ್ವ" ಎಂದ. ಅಗಲ ಜಾಗ ಸಿಕ್ಕಲ್ಲಿ ಕಾರು ನಿಲ್ಲಿಸಿ ಅತ್ತೆ. ಅತ್ತರೆ ಗಾಜಿನ ಕಣ್ಣಿನ ಕಡೆಯಿಂದಲೂ ನೀರು ಬರುತ್ತದೆ, ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಅಳು, ಅತ್ಬುಟ್ಟು ಆಮೇಲ್ ಓಡ್ಸೀವಂತೆ" ಎಂದು ಜಯಮ್ಮ ಪಕ್ಕಕ್ಕೆ ಬಂದು ಕೂತರು.

ಲೈಸೆನ್ಸಿನ ಕೆಲಸಕ್ಕೆ ನಾಗಮಂಗಲಕ್ಕೆ ಹೋದೆವು. ಅಲ್ಲಿ ಕಬ್ಬಿಲ್ಲ, ರಾಗಿ ಹೊಲ, ತೆಂಗು, ಕಣ್ಣು ಹಾಯುವಷ್ಟು ಬಯಲು. ಇಂಡಿಯ ನೆನಪಾಯಿತು. ಆರ್.ಟಿ.ಓ. ಕಚೇರಿಯ ಎದುರು ನಿಂತಿದ್ದ ಏಜೆಂಟೊಬ್ಬ ನಮ್ಮ ಸಂಗತಿ ಕೇಳಿಕೊಂಡು, ನನ್ನ ಮುಖ ನೋಡಿ, "ಗೊತ್ತೇ ಆಗಕಿಲ್ಲ ಬುಡಿ ಮೇಡಂ. ಕಣ್ಣಿನ ಇಸ್ಯ ಎತ್ಬ್ಯಾಡಿ, ನಾ ಮಾಡ್ಸ್‌ಕೊಡ್ತೀನಿ" ಎಂದ. ಇವರು ನನ್ನ ಕಡೆ ನೋಡಿದರು. ಅವರ ಆಸೆ ನನಗೆ ಅರ್ಥವಾಯಿತು. ಆದರೆ ಏರಿಯ ಮೇಲೆ ಅಷ್ಟು ಮಂದಿಯ ಮುಂದೆ ಕೂಗಿ ಹೇಳಿದ್ದನ್ನು ಇಲ್ಲಿ ಬಚ್ಚಿಡಲೇ? ಡಾಕ್ಟರಮ್ಮನ ಪತ್ರವನ್ನು ಒಳಗೆ ಕೊಟ್ಟೆ.

ಬ್ರೇಕ್ ಇನ್ಸ್‌ಪೆಕ್ಟ್ರು ಪತ್ರವನ್ನು ಎರಡು ಸಲ ಓದಿ, "ಓಡಿಸಿ ನೋಡೋಣ" ಎಂದು ಪಕ್ಕದಲ್ಲಿ ಬಂದು ಕೂತರು. ಪೇಟೆಯ ದಾರಿ, ಸಂತೆಯ ಜನ. ಸ್ವಲ್ಪ ದೂರ ಹೋದ ಮೇಲೆ, "ಯಾಕ್ರಮ್ಮ, ಪದೇಪದೇ ನನ್ನೇ ನೋಡ್ತೀರಾ?" ಎಂದು ಕೇಳಿದರು.

"ನಿಮ್ಮನ್ನಲ್ಲ ಸಾಹೇಬ್ರ. ನಿಮ್ಮ ಆಚೀಕಿನ ಮಂದೀನ ನೋಡಾಕತ್ತೀನಿ. ನೀವು ನಡುವ ಅದೀರಿ."

ಅವರು ಸೀಟಿಗೆ ಒರಗಿಕೊಂಡು ಕೂತರು. ಹಿಂದಕ್ಕೆ ತೆಗೆಯಿರಿ ಎಂದರು, ತೆಗೆದೆ. ಸಂದಿಯಲ್ಲಿ ನಿಲ್ಲಿಸಿ ಎಂದರು, ನಿಲ್ಲಿಸಿದೆ. ಇಳಿದು ಒಳಗೆ ಹೋದರು, ಮುಖದಲ್ಲಿ ಏನೂ ತೋರಿಸಲಿಲ್ಲ. ಊಟದ ಹೊತ್ತು ಮೀರಿದರೂ ಮರದ ಕೆಳಗೆ ಕಾದು ಕೂತೆವು. ಇವರಿಗೂ ಹಸಿವಿರಲಿಲ್ಲ, ನನಗೂ ಇರಲಿಲ್ಲ. ನನ್ನ ಹೆಸರು ಕೂಗಿ, ಲೈಸೆನ್ಸು ಆಯಿತು ಎಂದಾಗ ಇವರು ಕೋಲು ಮರೆತು ಎದ್ದು ಬೀಳುವುದರಲ್ಲಿದ್ದರು.

ಕಾರ್ಖಾನೆಯ ಹಂಗಾಮು ಮುಗಿದ ಮೇಲೆ ಊರಿಗೆ ಬಂದೆ. ಸ್ಟೇಷನ್ನಿಗೆ ಅಣ್ಣ ಜೀಪು ತಂದಿದ್ದ. "ನಾ ಹೊಡೀತೀನಿ" ಎಂದೆ. ಅವನು ಅನುಮಾನಿಸುತ್ತಲೇ ಕೀಲಿ ಕೊಟ್ಟ. ನಾಲೆಯಿಲ್ಲ, ಕಬ್ಬಿಲ್ಲ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಹುಟ್ಟಿ ಬೆಳೆದ ದಾರಿ. ಹಳ್ಳದ ತಿರುವಿನಲ್ಲಿ ನನ್ನ ಕೈ ತಾನಾಗಿಯೇ ಎಡಕ್ಕೆ ಹೊರಳಿತು, ಮುಖ ಹೊರಳಲಿಲ್ಲ. ಅಣ್ಣ ಕಿರುಚಿದಾಗ ಬ್ರೇಕು ಒತ್ತಿದೆ. ಎಡಗಡೆ ಆಡು ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಜೀಪಿಗೆ ಗೇಣು ದೂರದಲ್ಲಿ ಕಲ್ಲಿನಂತೆ ನಿಂತಿದ್ದಳು. ಆಡುಗಳು ಚದುರಿದವು. ಅವಳಿಗೆ ಏನೂ ಆಗಲಿಲ್ಲ, ಶಿವ ದೊಡ್ಡವನು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಜಗಳಾಡಿ ಗೆಲ್ಲುತ್ತಿದ್ದೆ. ಸುಮ್ಮನೆ ಅಂಗೈ ಚಾಚಿ, "ಕೊಡವ್ವ" ಎಂದ. ನಾಲೆಯ ಮೇಲೆ ಯಾರಿಗೂ ಕೊಡದ ಕೀಲಿಯನ್ನು ನನ್ನ ತವರಿನ ಬಯಲಿನಲ್ಲಿ ಕೊಟ್ಟೆ. ಈ ದಾರಿಗಳನ್ನು ನಾನು ಎರಡು ಕಣ್ಣಿದ್ದಾಗ ಕಲಿತವಳು. ನನ್ನ ಕೈಕಾಲಿಗೆ ಅವು ಹಾಗೆಯೇ ಗೊತ್ತು, ಇಲ್ಲಿ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಒಂದು ಕಣ್ಣಿನ ಮಾದೇವಿಗೆ ಗೊತ್ತಿರುವುದು ಆ ನೀರಿನ ಸೀಮೆ ಮಾತ್ರ. ಅದು ನನ್ನ ಊರಲ್ಲ, ಅಲ್ಲಿ ನನ್ನವರೆಂದು ಒಂದು ಹೆಣವೂ ಮಣ್ಣಾಗಿಲ್ಲ. ಆದರೆ ಗಾಡಿ ಓಡಿಸಿಕೊಂಡು ಹೋಗಬಲ್ಲ ಜಾಗ ನನಗೆ ಅದೊಂದೇ.

ಇಳಿದು ಎಡಗಡೆಯ ಸೀಟಿಗೆ ಬಂದು ಕೂತೆ. "ನೋಡಲ್ಲೆ, ನಮ್ಮ ಹೊಲ ಬಂತು" ಎಂದ ಅಣ್ಣ, ನನ್ನ ಮನಸ್ಸು ಸಮಾಧಾನ ಮಾಡಲು. ಹೊಲ ಎಡಕ್ಕಿತ್ತು. ಅದನ್ನು ನೋಡಬೇಕೆಂದರೆ ನಾನು ಅಣ್ಣನಿಗೆ ಪೂರಾ ಬೆನ್ನು ತಿರುಗಿಸಬೇಕಿತ್ತು. ತಿರುಗಿಸಿ ನೋಡಿದೆ, ಮನೆ ಬರುವವರೆಗೂ ಹಾಗೆಯೇ ಕೂತೆ.